ಅಂಗಳದ ಗರಿಕೆ, ಬೇಸಿಗೆಯ ನೀರು

ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಂದ ಮಿಂಚಂಚೆ ಬಂದಿತ್ತು. ಆತ ಈಗ ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯದಲ್ಲಿ ಮನೆ ಮಾಡಿಕೊಂಡಿದ್ದಾನೆ. ಮನೆಯ ಮುಂದಿನ ಹುಲ್ಲುಹಾಸಿನ ಚಿತ್ರವೊಂದನ್ನು ಲಗತ್ತಿಸಿ, "ಸಾರ್, ಬೇಸಿಗೆ ಬಂತೆಂದರೆ ಇದನ್ನು ಬದುಕಿಸುವುದೇ ದೊಡ್ಡ ತಲೆನೋವು. ನೀರಿನ ಬಿಲ್ಲು ನೋಡಿದರೆ ಎದೆ ಝಲ್ಲೆನ್ನುತ್ತದೆ. ನಿಮಗೆ ತೋಟದ ಹವ್ಯಾಸವುಂಟಲ್ಲ, ಏನಾದರೂ ಉಪಾಯ ಹೇಳಿ" ಎಂದು ಕೇಳಿದ್ದ. ಅದು ಬರ್ಮುಡಾ ಎಂಬ ಜಾತಿಯ ಹುಲ್ಲಂತೆ. ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಗೆಣ್ಣು ಗೆಣ್ಣಿಗೂ ಬೇರು ಬಿಟ್ಟು ಹರಿದಿರುವ ಕಾಂಡ, ತುದಿಯಲ್ಲಿ ಬೆರಳು ಬಿಚ್ಚಿದಂತಿರುವ ತೆನೆ. ಗಣಪತಿಯ ಹಬ್ಬದ ದಿನ ಬೆಳಗ್ಗೆ ಅವನ ಅಜ್ಜಿ ಕಿತ್ತು ತರುತ್ತಿದ್ದ ನಮ್ಮ ಗರಿಕೆಯೇ ಅದು! ಬರ್ಮುಡಾ ದ್ವೀಪ ಅದರ ತವರಲ್ಲ. ಹಳೆಯ ಜಗತ್ತಿನ ಬಿಸಿನಾಡುಗಳಿಂದ ಹೊರಟು, ಸಮುದ್ರ ದಾಟಿ, ಹೊಸ ಹೆಸರು ಹೊತ್ತು, ಅದು ನಮ್ಮ ಹುಡುಗನಿಗಿಂತ ಬಹಳ ಮೊದಲೇ ಅಮೆರಿಕಕ್ಕೆ ವಲಸೆ ಹೋಗಿದೆ.

ಪತ್ರದ ಕೊನೆಯಲ್ಲಿ ಅವನು ಇನ್ನೊಂದು ಸಾಲನ್ನು ಸೇರಿಸಿದ್ದ: "1987ರಲ್ಲಿ ನಾವು ಶಾಲೆಯ ಹುಲ್ಲಿಗೆ ನೀರು ಹೊತ್ತದ್ದು ನೆನಪಿದೆಯೇ ಸಾರ್?" ನೆನಪಿದೆ. ಆ ಒಂದು ಸಾಲಿನ ಕಾರಣಕ್ಕಾಗಿಯೇ ನಾಲ್ಕು ಮಾತಿನಲ್ಲಿ ಮುಗಿಯಬಹುದಾಗಿದ್ದ ಉತ್ತರ ಇಷ್ಟು ಉದ್ದವಾಗುತ್ತಿದೆ. ಇತಿಹಾಸದ ಮೇಷ್ಟರನ್ನು ಹುಲ್ಲಿನ ವಿಷಯ ಕೇಳಿದರೂ ಆತ ಇತಿಹಾಸವನ್ನೇ ಹೇಳುತ್ತಾನೆಂಬುದು ನಿಮಗೆಲ್ಲ ತಿಳಿದದ್ದೇ.

ಹುಲ್ಲುಹಾಸು ಎಂಬುದು ಮೂಲತಃ ಮೋಡದ ನಾಡಿನ ಕೂಸು. ಲಂಡನ್ ನಗರದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿ.ಮೀ. ನಮ್ಮ ಬೆಂಗಳೂರಿನಲ್ಲಿ ಸುಮಾರು 970 ಮಿ.ಮೀ. ಈ ಲೆಕ್ಕವನ್ನು ತರಗತಿಯಲ್ಲಿ ಹೇಳಿದಾಗಲೆಲ್ಲ ಮಕ್ಕಳು ನಂಬುತ್ತಿರಲಿಲ್ಲ. ವ್ಯತ್ಯಾಸವಿರುವುದು ಮಳೆಯ ಪ್ರಮಾಣದಲ್ಲಲ್ಲ, ಅದರ ಹಂಚಿಕೆಯಲ್ಲಿ. ಅಲ್ಲಿ ಹನ್ನೆರಡು ತಿಂಗಳೂ ಸ್ವಲ್ಪ ಸ್ವಲ್ಪವಾಗಿ ಜಿನುಗುತ್ತದೆ, ಬಿಸಿಲು ಮೃದು, ಇಬ್ಬನಿ ಧಾರಾಳ. ನಮ್ಮಲ್ಲಿ ಮುಂಗಾರು ಹಿಂಗಾರುಗಳ ಕೆಲವು ತಿಂಗಳಲ್ಲಿ ಧಾರೆಯಾಗಿ ಸುರಿದು, ಡಿಸೆಂಬರಿನಿಂದ ಮಾರ್ಚ್‌ವರೆಗೆ ಆಕಾಶ ಕೈಯೆತ್ತಿಬಿಡುತ್ತದೆ. ಇಂಗ್ಲೆಂಡಿನಲ್ಲಿ ಕುರಿ ಮೇಯಿಸಿ ಬಿಟ್ಟ ನೆಲ ತಾನಾಗಿಯೇ ಹಸುರು ಜಮಖಾನವಾಗುತ್ತದೆ, ನಮ್ಮಲ್ಲಿ ಕುರಿ ಮೇಯಿಸಿದ ನೆಲ ಏಪ್ರಿಲ್ ಹೊತ್ತಿಗೆ ಕೆಂಪು ಧೂಳಾಗುತ್ತದೆ.

ಹದಿನೇಳನೆಯ ಶತಮಾನದಲ್ಲಿ ಫ್ರಾನ್ಸಿನ ವರ್ಸೈ ಅರಮನೆಯ ಉದ್ಯಾನವನ್ನು ರೂಪಿಸಿದ ಆಂದ್ರೆ ಲ ನೋತ್ರ ಅದರಲ್ಲಿ 'ಹಸುರು ರತ್ನಗಂಬಳಿ' ಎಂಬ ಅರ್ಥದ ಹೆಸರಿರುವ ಹುಲ್ಲಿನ ಉದ್ದನೆಯ ಪಟ್ಟಿಯೊಂದನ್ನು ಇರಿಸಿದನು. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಲ್ಯಾನ್ಸೆಲಾಟ್ ಬ್ರೌನ್ ಎಂಬ ತೋಟಗಾರನು ಶ್ರೀಮಂತರ ಬಂಗಲೆಗಳ ಬಾಗಿಲವರೆಗೂ ಹುಲ್ಲುಗಾವಲನ್ನು ಹರಿಸಿಬಿಟ್ಟನು. ಉಳುವುದಕ್ಕೆ ಯೋಗ್ಯವಾದ ನೆಲವನ್ನು ಉಳದೆ, ಬೆಳೆಯದೆ, ಬರಿಯ ನೋಟಕ್ಕಾಗಿ ಬಿಟ್ಟಿದ್ದೇನೆ ಎಂದು ತೋರಿಸಿಕೊಳ್ಳುವುದೇ ಆಗಿನ ದೊಡ್ಡಸ್ತಿಕೆ. ಹುಲ್ಲನ್ನು ಸಮನಾಗಿ ಕೊಯ್ಯಲು ಉದ್ದ ಹಿಡಿಯ ಕತ್ತಿ ಹಿಡಿದ ಆಳುಗಳ ಸಾಲೇ ಬೇಕಾಗಿತ್ತು. ಆದ್ದರಿಂದ ಸಾಮಾನ್ಯರಿಗೆ ಅದು ಎಟುಕದ ವಸ್ತುವಾಗಿತ್ತು. ಅದನ್ನು ಎಟುಕಿಸಿದವನು ಎಡ್ವಿನ್ ಬಡ್ಡಿಂಗ್. ಗ್ಲಾಸ್ಟರ್‌ಶೈರಿನ ಸ್ಟ್ರೌಡ್ ಪಟ್ಟಣದ ಸುತ್ತ ಉಣ್ಣೆಯ ಗಿರಣಿಗಳಿದ್ದವು. ಅಲ್ಲಿ ಬಟ್ಟೆಯ ಮೇಲಿನ ಜುಂಗನ್ನು ಸಮನಾಗಿ ಕತ್ತರಿಸಲು, ಉರುಳೆಗೆ ಅಲಗುಗಳನ್ನು ಜೋಡಿಸಿದ ಯಂತ್ರವೊಂದನ್ನು ಬಳಸುತ್ತಿದ್ದರು. ಬಟ್ಟೆಗೆ ಮಾಡುವುದನ್ನು ಹುಲ್ಲಿಗೇಕೆ ಮಾಡಬಾರದು ಎಂದು ಯೋಚಿಸಿ ಆತ 1830ರಲ್ಲಿ ಹುಲ್ಲು ಕತ್ತರಿಸುವ ಯಂತ್ರಕ್ಕೆ ಪೇಟೆಂಟ್ ಪಡೆದನು. ಇಂದು ನಾವು ತಳ್ಳುವ ಯಂತ್ರ ಅದರ ಮರಿಮಗ. ದೊಡ್ಡ ಯಂತ್ರಗಳನ್ನು ಕುದುರೆಗಳು ಎಳೆಯುತ್ತಿದ್ದವು, ಗೊರಸಿನ ಗುರುತು ಬೀಳದಿರಲೆಂದು ಅವುಗಳ ಕಾಲಿಗೆ ತೊಗಲಿನ ಜೋಡು ತೊಡಿಸುತ್ತಿದ್ದರು. ನನ್ನ ಬಾಲ್ಯದಲ್ಲಿ ನಮ್ಮ ಊರಿನ ಎಷ್ಟೋ ಮಕ್ಕಳಿಗೆ ಕಾಲಿಗೆ ಜೋಡಿರಲಿಲ್ಲ, ಆ ಮಾತು ಬೇರೆ.

ಭಾರತಕ್ಕೆ ಬಂದ ಆಂಗ್ಲರು ತಮ್ಮ ಊರಿನ ಈ ಹಸುರನ್ನೂ ಮನಸ್ಸಿನಲ್ಲಿ ಹೊತ್ತು ತಂದರು. ಅದಕ್ಕೆ ಮೊದಲು ನಮ್ಮಲ್ಲಿ ತೋಟಗಳಿರಲಿಲ್ಲವೇ? ಇದ್ದವು. 1760ರಲ್ಲಿ ಹೈದರಾಲಿ ಬೆಂಗಳೂರಿನಲ್ಲಿ ಲಾಲ್‌ಬಾಗನ್ನು ಆರಂಭಿಸಿದ್ದು ಎಲ್ಲರಿಗೂ ಗೊತ್ತು. ಆದರೆ ಆ ತೋಟಗಳು ನೆರಳಿನ, ಹಣ್ಣಿನ, ಹೂವಿನ, ಹರಿಯುವ ನೀರಿನ ತೋಟಗಳು. ಮೊಗಲರ ಚಾರ್‌ಬಾಗಿನಲ್ಲಿ ಕಾಲುವೆಗಳ ನಡುವಿನ ಪಾತಿಗಳಲ್ಲಿ ಹಣ್ಣಿನ ಮರ, ಗುಲಾಬಿ ತುಂಬಿರುತ್ತಿದ್ದವು. ತಾಜಮಹಲಿನ ಮುಂದೆ ನಾವು ಇಂದು ಕಾಣುವ ಬೋಳು ಹುಲ್ಲುಹಾಸು ಷಾಜಹಾನನದಲ್ಲ. ಅದು ಆಂಗ್ಲರ ಅಭಿರುಚಿಯಂತೆ, ಮುಖ್ಯವಾಗಿ 1899ರಿಂದ 1905ರವರೆಗೆ ವೈಸ್‌ರಾಯ್ ಆಗಿದ್ದ ಕರ್ಜನ್ ಪ್ರಭುವು ಕೈಗೊಂಡ ಜೀರ್ಣೋದ್ಧಾರದಲ್ಲಿ ಮೂಡಿದ ರೂಪ. ಪ್ರವಾಸಕ್ಕೆ ಕರೆದೊಯ್ದಾಗ ನಿಮ್ಮಲ್ಲಿ ಅನೇಕರು ಆ ಹುಲ್ಲಿನ ಅಂಚಿನಲ್ಲೇ ನಿಂತು ಚಿತ್ರ ತೆಗೆಸಿಕೊಂಡಿದ್ದೀರಿ. ಅಂದು ನನಗೂ ಈ ಸಂಗತಿ ತಿಳಿದಿರಲಿಲ್ಲ, ಆದ್ದರಿಂದ ಹೇಳಲಿಲ್ಲ.

ಇಂಗ್ಲೆಂಡಿನ ಹುಲ್ಲಿನ ಬೀಜ ಇಲ್ಲಿನ ಬಯಲಿನಲ್ಲಿ ಚಳಿಗಾಲವೊಂದನ್ನು ಕಳೆದು ಬೇಸಿಗೆಯಲ್ಲಿ ಸತ್ತುಹೋಗುತ್ತಿತ್ತು. ಆಗ ಅವರ ನೆರವಿಗೆ ಬಂದದ್ದು ಗದ್ದೆಯ ಬದುವಿನ ಗರಿಕೆ, ಉತ್ತರದವರ 'ದೂಬ್', ಸಂಸ್ಕೃತದ ದೂರ್ವೆ. ಏಷ್ಯಾಟಿಕ್ ಸೊಸೈಟಿಯನ್ನು 1784ರಲ್ಲಿ ಸ್ಥಾಪಿಸಿದ ವಿಲಿಯಂ ಜೋನ್ಸ್ ಭಾಷಾವಿದ್ವಾಂಸನೆಂದು ಪ್ರಸಿದ್ಧ, ಆದರೆ ಆತ ಸಸ್ಯಪ್ರಿಯನೂ ಹೌದು. ಭೂತಗನ್ನಡಿಯಲ್ಲಿ ಗರಿಕೆಯ ಹೂವನ್ನು ನೋಡಿ, ಅದನ್ನು ಮಾಣಿಕ್ಯ ಪಚ್ಚೆಗಳಿಗೆ ಹೋಲಿಸಿ ಬರೆದಿದ್ದಾನೆ, ದನಗಳಿಗೆ ಇದಕ್ಕಿಂತ ಸಿಹಿಯಾದ ಮೇವಿಲ್ಲವೆಂದೂ ಸೇರಿಸಿದ್ದಾನೆ. ನಮ್ಮ ರೈತನಿಗೆ ಮಾತ್ರ ಅದು ಶತ್ರು. ಉತ್ತರ ಕರ್ನಾಟಕದ ಎರೆಹೊಲಗಳಲ್ಲಿ ಕರಿಕೆ ಎಂದು ಕರೆಸಿಕೊಳ್ಳುವ ಈ ಹುಲ್ಲನ್ನು ತೆಗೆಯಲು ಆಳವಾಗಿ ಅಗೆಯಬೇಕು, ತುಂಡು ಉಳಿದರೆ ಮತ್ತೆ ಚಿಗುರುತ್ತದೆ. ಒಬ್ಬನ ಹೊಲದ ಕಳೆ ಇನ್ನೊಬ್ಬನ ಅಂಗಳದ ಅಲಂಕಾರವಾಯಿತು.

ನೆಡುವ ವಿಧಾನವೂ ದೇಶೀಯವೇ. ಗರಿಕೆಯನ್ನು ಕಿತ್ತು ಸಣ್ಣಗೆ ಕತ್ತರಿಸಿ, ಸಗಣಿ ಮಣ್ಣಿನೊಡನೆ ಕಲಸಿ, ಹದ ಮಾಡಿದ ನೆಲಕ್ಕೆ ಸಾರಿಸಿದಂತೆ ಬಳಿಯುವುದೊಂದು ಕ್ರಮ, ಬೇರಿನ ತುಂಡುಗಳನ್ನು ಗೇಣಿಗಿಂತ ಕಡಿಮೆ ಅಂತರದಲ್ಲಿ ಚುಚ್ಚುತ್ತ ಹೋಗುವುದು ಇನ್ನೊಂದು. ದೆಹಲಿಯ ವೈಸ್‌ರಾಯ್ ಭವನಕ್ಕೆ, ಎಂದರೆ ಇಂದಿನ ರಾಷ್ಟ್ರಪತಿ ಭವನಕ್ಕೆ, ಲಟ್ಯೆನ್ಸ್ ಉದ್ಯಾನ ರೂಪಿಸಿದಾಗ ಅಲ್ಲಿ ಹಾಸಿದ್ದೂ ಗರಿಕೆಯನ್ನೇ. ಅದು ಕಲ್ಕತ್ತದ ಬೆಲ್ವೆಡೇರ್ ಭವನದ ಆವರಣದಿಂದ ಬಂದದ್ದು. ವರ್ಷಕ್ಕೊಮ್ಮೆ ಹುಲ್ಲಿನ ಮೇಲ್ಪದರವನ್ನು ಪೂರ್ತಿಯಾಗಿ ತೆಗೆದು, ಹೊಸ ಮಣ್ಣು ಹರಡುತ್ತಿದ್ದರು. ಮೂರು ವಾರದಲ್ಲಿ ಅದು ಮತ್ತೆ ಹಸುರಾಗುತ್ತಿತ್ತು. ಮೊಗಲ್ ಗಾರ್ಡನ್ ಎಂದು ನಾವು ಓದಿಕೊಂಡು ಬಂದ ಆ ತೋಟಕ್ಕೆ 2023ರಿಂದ ಅಮೃತ ಉದ್ಯಾನವೆಂದು ಹೆಸರು.

ಹುಲ್ಲು ನಮ್ಮದೇ ಆಯಿತು, ಆದರೆ ಕನಸು ಮಾತ್ರ ಅವರದೇ ಉಳಿಯಿತು. ವರ್ಷವಿಡೀ ಹಸುರಾಗಿರಬೇಕೆಂಬ ಕನಸು. ಅದರ ಬೆಲೆಯನ್ನು ನೀರಿನಲ್ಲಿ ತೆರಬೇಕಾಯಿತು, ಮತ್ತು ಆ ನೀರನ್ನು ಯಾರೋ ಹೊರಬೇಕಾಯಿತು. ದಂಡುಪ್ರದೇಶಗಳ ಬಂಗಲೆಗಳಲ್ಲಿ ಸಂಜೆಯ ಹೊತ್ತು ತೊಗಲಿನ ಚೀಲವನ್ನು ಬೆನ್ನಿಗೇರಿಸಿದ ಭಿಸ್ತಿಗಳು ನೀರು ಚಿಮುಕಿಸುತ್ತಿದ್ದರು. ದೊಡ್ಡ ತೋಟಗಳಲ್ಲಿ ಕಪಿಲೆಯ ಎತ್ತುಗಳು ಬಾವಿಯ ಇಳಿಜಾರಿನಲ್ಲಿ ದಿನವಿಡೀ ಹಿಂದೆ ಮುಂದೆ ನಡೆಯುತ್ತಿದ್ದವು. ಬೆಂಗಳೂರಿಗೆ ಹೆಸರಘಟ್ಟದ ನೀರು ಬಂದದ್ದು 1890ರ ದಶಕದಲ್ಲಿ, ತಿಪ್ಪಗೊಂಡನಹಳ್ಳಿಯದು 1933ರಲ್ಲಿ, ಕಾವೇರಿಯದು 1974ರಲ್ಲಿ. ಕಾವೇರಿಯ ನೀರು ಸುಮಾರು ನೂರು ಕಿ.ಮೀ. ದೂರದಿಂದ, ಸುಮಾರು ಐನೂರು ಮೀಟರ್ ಎತ್ತರ ಹತ್ತಿ ನಮ್ಮ ನಲ್ಲಿಗೆ ಬರುತ್ತದೆ. ಭಿಸ್ತಿಯ ಬೆನ್ನು ಹೋಗಿ ವಿದ್ಯುತ್ ಪಂಪು ಬಂದಿತಾದ್ದರಿಂದ ನೀರಿಗೆ ತೂಕವಿದೆಯೆಂಬುದು ನಮಗೆ ಮರೆತುಹೋಯಿತು.

ನಾನು ಆ ತೂಕವನ್ನು ತಿಳಿದದ್ದು 1987ರಲ್ಲಿ. ಆಗ ಚಿತ್ರದುರ್ಗ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿದ್ದೆ. ದೇಶಕ್ಕೆ ದೇಶವೇ ಬರಗಾಲದಿಂದ ಬಳಲಿದ ವರ್ಷ ಅದು. ಮೊದಲೇ ಮಳೆ ಕಡಿಮೆಯ ಸೀಮೆ, ಕೆರೆಯ ಅಂಗಳ ಬಿರುಕುಬಿಟ್ಟಿತ್ತು, ಊರಿನ ಎರಡು ಕೈಪಂಪುಗಳಲ್ಲಿ ಒಂದು ನಿಂತುಹೋಗಿತ್ತು. ಶಾಲೆಯ ಧ್ವಜಸ್ತಂಭದ ಎರಡು ಪಕ್ಕದಲ್ಲಿ ಗರಿಕೆಯ ಎರಡು ಹಾಸುಗಳಿದ್ದವು, ನಡುವೆ ಕಾಲುದಾರಿ. ತನಿಖೆಗೆ ಮೇಲಧಿಕಾರಿಗಳು ಬರುವವರಿದ್ದರು. ಆವರಣ ಹಸುರಾಗಿ ಕಾಣಬೇಕೆಂದು ಯಾರೂ ನನಗೆ ಆಜ್ಞೆ ಮಾಡಿರಲಿಲ್ಲ. ಅದು ನನ್ನದೇ ಉತ್ಸಾಹ. ಒಂಬತ್ತನೆಯ ತರಗತಿಯ ಮಕ್ಕಳಿಗೆ ಪ್ರತಿದಿನ ಬೆಳಗ್ಗೆ ಒಬ್ಬೊಬ್ಬರು ಒಂದು ಕೊಡ ನೀರು ತರಬೇಕೆಂದು ಗೊತ್ತುಮಾಡಿದೆ. ಉಳಿದಿದ್ದ ಒಂದು ಕೈಪಂಪಿನಿಂದ!

ಶಾಲೆಯ ಮಾಲಿ ಓದಿದವನಲ್ಲ. "ಬೇಡಿ ಸಾಮಿ, ಅದು ಮಲಗೈತೆ, ಮಲಗ್ಲಿ ಬಿಡಿ" ಎಂದ. ನಾನು ಕೇಳಲಿಲ್ಲ. ನೀರು ಸಾಲದ್ದರಿಂದ ಬಲಗಡೆಯ ಹಾಸಿಗೆ ಮಾತ್ರ ಹಾಕಿಸಿದೆ. ಎಂಟು ಹತ್ತು ದಿನ ನಡೆಯಿತು. ಒಂದು ಬೆಳಗ್ಗೆ ವಿದ್ಯಾರ್ಥಿಯೊಬ್ಬನ ತಾಯಿ ಖಾಲಿ ಕೊಡ ಹಿಡಿದು ಶಾಲೆಯ ಗೇಟಿನ ಬಳಿ ಬಂದು ನಿಂತರು. "ಹುಲ್ಲಿಗೆ ಉಯ್ಯಾಕೆ ನೀರೈತೆ, ನಮ್ ಎಮ್ಮೆ ಕುಡಿಯಾಕಿಲ್ಲ. ಇದು ಎಂಥಾ ಇಸ್ಕೂಲು ಸಾಮಿ?" ಎಂದರು. ಏರಿದ ದನಿಯಲ್ಲ, ಕೇಳಿದರಷ್ಟೆ. ಮಕ್ಕಳು ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಏನೋ ಶಿಸ್ತು, ಶ್ರಮದಾನ ಎಂದು ತೊದಲಿದೆನೆಂದು ನೆನಪು. ಅಂದಿನಿಂದ ನೀರು ಹೊರಿಸುವುದನ್ನು ನಿಲ್ಲಿಸಿದೆ, ಆದರೆ ಆ ತಾಯಿಯ ಮುಂದಾಗಲಿ ನಿಮ್ಮ ಮುಂದಾಗಲಿ 'ನನ್ನದು ತಪ್ಪಾಯಿತು' ಎಂದು ಹೇಳಲಿಲ್ಲ. ಆಗ ನಾನು ಮೇಷ್ಟರು. ಮೇಷ್ಟರು ತಪ್ಪೊಪ್ಪಿಕೊಳ್ಳುವ ವಾಡಿಕೆ ಇರಲಿಲ್ಲ. ಈಗ ಹೇಳುತ್ತಿದ್ದೇನೆ.

ಮಳೆ ತಡವಾಗಿ ಬಂತು. ಬಂದ ಮೇಲೆ ನಡೆದದ್ದನ್ನು ಮಾಲಿ ನನ್ನನ್ನು ಕರೆದು ತೋರಿಸಿದ. ನೀರು ಕಾಣದ ಎಡಗಡೆಯ ಹಾಸು ಎರಡು ವಾರದಲ್ಲಿ ತುಂಬ ಹಸುರಾಯಿತು. ಬಲಗಡೆಯದು ಅಲ್ಲಲ್ಲಿ ಮಾತ್ರ ಚಿಗುರಿ, ನಡುನಡುವಿನ ಬೋಳು ಜಾಗದಲ್ಲಿ ಪಾರ್ಥೇನಿಯಂ ಎದ್ದಿತ್ತು. ಆತ ಏನೂ ಹೇಳಲಿಲ್ಲ, ಕುರ್ಪಿ ತೆಗೆದುಕೊಂಡು ಕೀಳುತ್ತ ಕೂತ.

ಇದರ ಕಾರಣ ನನಗೆ ಅರ್ಥವಾದದ್ದು ಬಹಳ ವರ್ಷಗಳ ಮೇಲೆ, ವಿಜ್ಞಾನದ ಸಹೋದ್ಯೋಗಿಯೊಬ್ಬರು ವಿವರಿಸಿದಾಗ. 1966ರಲ್ಲಿ ಆಸ್ಟ್ರೇಲಿಯದಲ್ಲಿ ಹ್ಯಾಚ್ ಮತ್ತು ಸ್ಲ್ಯಾಕ್ ಎಂಬ ವಿಜ್ಞಾನಿಗಳು ಕಬ್ಬಿನ ಎಲೆ ಗಾಳಿಯಿಂದ ಇಂಗಾಲವನ್ನು ಹಿಡಿಯುವ ಒಂದು ವಿಶೇಷ ಮಾರ್ಗವನ್ನು ವಿವರಿಸಿದರು. ಜೋಳ, ರಾಗಿ, ಗರಿಕೆ ಇವೆಲ್ಲ ಅದೇ ವರ್ಗದವು. ಬಿಸಿಲು ಹೆಚ್ಚಿದಷ್ಟೂ ಇವು ಚುರುಕು, ಎಲೆಯ ರಂಧ್ರಗಳನ್ನು ಹೆಚ್ಚು ತೆರೆಯದೆಯೇ ಕೆಲಸ ಸಾಗಿಸುವುದರಿಂದ ಕಡಿಮೆ ನೀರು ಸಾಕು. ಇಂಗ್ಲೆಂಡಿನ ಹುಲ್ಲುಗಳಿಗೆ ಈ ವಿದ್ಯೆ ಬಾರದು. ನೀರು ಪೂರ್ತಿ ನಿಂತರೆ ಗರಿಕೆ ಎಲೆಯನ್ನು ಒಣಗಿಸಿಕೊಂಡು, ನೆಲದೊಳಗಿನ ಕಾಂಡದಲ್ಲಿ ಜೀವವನ್ನಿಟ್ಟುಕೊಂಡು ಮಲಗುತ್ತದೆ. ಮಾಲಿ ಬಳಸಿದ್ದು ಅದೇ ಶಬ್ದ! ನಾನು ಮಾಡಿಸಿದ್ದು ಎರಡು ಕೇಡು. ದಿನವೂ ಮೇಲೆ ಮೇಲೆ ಚಿಮುಕಿಸಿದ ನೀರು ಅರ್ಧ ಅಂಗುಲಕ್ಕಿಂತ ಕೆಳಗಿಳಿಯದೆ, ಬೇರುಗಳನ್ನು ಮೇಲಕ್ಕೆ ಕರೆದು ಕೂರಿಸಿತು. ಹಾಗೆ ಎಚ್ಚರಿಸಿ, ಹೊಸ ಎಲೆ ಬಿಡಿಸಿ, ಕೂಡಿಟ್ಟ ಶಕ್ತಿಯನ್ನು ಖರ್ಚು ಮಾಡಿಸಿ, ಅನಂತರ ನೀರು ನಿಲ್ಲಿಸಿದೆ.

ಇನ್ನು ನಮ್ಮ ಮನೆಯ ವಿಷಯ. ನಿವೃತ್ತನಾಗಿ ಬೆಂಗಳೂರಿಗೆ ಬಂದ ಮೇಲೆ ಮನೆಯ ಮುಂದೆ ಇಪ್ಪತ್ತು ಅಡಿ ಉದ್ದ ಹದಿನೈದು ಅಡಿ ಅಗಲದ ಜಾಗ ಉಳಿಯಿತು. ನರ್ಸರಿಯವರು 'ಮೆಕ್ಸಿಕನ್ ಹುಲ್ಲು' ಹಾಕಿಸಿ ಎಂದರು. (ಅದು ಜಾಯ್ಸಿಯ ಎಂಬ ಪೂರ್ವ ಏಷ್ಯದ ಕುಲದ ಹುಲ್ಲು, ಮೆಕ್ಸಿಕೋಗೂ ಅದಕ್ಕೂ ಹುಟ್ಟಿನ ಸಂಬಂಧವಿಲ್ಲ.) ನನ್ನ ಮಡದಿ ಒಪ್ಪಲಿಲ್ಲ. ತನ್ನ ತವರಿನ ಗದ್ದೆಯ ಬದುವಿನಿಂದ ಒಂದು ಗೋಣಿಚೀಲ ಗರಿಕೆ ತರಿಸಿ, ಆಷಾಢದ ಜಿಟಿಜಿಟಿ ಮಳೆಯಲ್ಲಿ ಸೆರಗು ಸಿಕ್ಕಿಸಿಕೊಂಡು ತಾನೇ ನೆಟ್ಟಳು. ಚೌತಿಗೆ ಬೀದಿಯ ನಾಲ್ಕು ಮನೆಗೆ ನಮ್ಮ ಅಂಗಳದ ಗರಿಕೆಯೇ ಹೋಗುತ್ತಿತ್ತು. ಈಗ ಆಕೆ ಇಲ್ಲ. ಹುಲ್ಲು ಇದೆ.

ಆದ್ದರಿಂದಲೇ 2024ರ ಬೇಸಿಗೆ ನನಗೆ ಕಷ್ಟದ್ದಾಯಿತು. ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತು, ನಮ್ಮ ಬಡಾವಣೆಯ ಕೊಳವೆಬಾವಿ ಬತ್ತಿತು, ಟ್ಯಾಂಕರಿಗಾಗಿ ಬೆಳಗಿನ ಜಾವ ಕಾಯಬೇಕಾಯಿತು. ಮಾರ್ಚ್‌ನಲ್ಲಿ ಜಲಮಂಡಳಿಯು ಕುಡಿಯುವ ನೀರನ್ನು ಕೈತೋಟಕ್ಕೂ ವಾಹನ ತೊಳೆಯುವುದಕ್ಕೂ ಬಳಸಕೂಡದೆಂದು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತು. ಮಗ, "ಅಪ್ಪ, ಇದನ್ನು ಕಿತ್ತು ಟೈಲ್ಸ್ ಹಾಕಿಸಿಬಿಡೋಣ" ಎಂದ. ನಾನು ಲೆಕ್ಕ ಹಾಕಿದೆ. ಮುನ್ನೂರು ಚದರ ಅಡಿ ಎಂದರೆ ಸುಮಾರು 28 ಚದರ ಮೀಟರ್. ವಾರಕ್ಕೆ ಒಂದು ಅಂಗುಲ ನೀರೆಂದರೆ ಸುಮಾರು 700 ಲೀಟರ್. ಹದಿನೈದು ಲೀಟರಿನ ಕೊಡದಲ್ಲಿ ನಲವತ್ತೇಳು ಕೊಡ. ಒಂಬತ್ತನೆಯ ತರಗತಿಯ ಹಾಜರಿ ಪುಸ್ತಕ ಕಣ್ಣ ಮುಂದೆ ಬಂತು.

ನೀರು ನಿಲ್ಲಿಸಿದೆ. ಟೈಲ್ಸ್ ಹಾಕಿಸಲಿಲ್ಲ. ಹುಲ್ಲು ಮೊದಲು ನೀಲಿ ಬೂದಿಯ ಬಣ್ಣಕ್ಕೆ ತಿರುಗಿತು, ಆಮೇಲೆ ಒಣಹುಲ್ಲಿನ ಬಣ್ಣಕ್ಕೆ. ಏಪ್ರಿಲ್ ತಿಂಗಳು ಪೂರ್ತಿ ನಗರದಲ್ಲಿ ಅಳತೆಗೆ ಸಿಗುವ ಮಳೆಯಾಗಲಿಲ್ಲ. ದಿನಾ ಬೆಳಗ್ಗೆ ಅದನ್ನು ನೋಡುವುದು ಹಿಂಸೆಯಾಗುತ್ತಿತ್ತು, ಒಮ್ಮೊಮ್ಮೆ ಅಕ್ಕಿ ತೊಳೆದ ನೀರನ್ನು ಆಕೆ ಕೂರುತ್ತಿದ್ದ ಕಲ್ಲುಬೆಂಚಿನ ಬಳಿ ಸುರಿದು ಬರುತ್ತಿದ್ದೆ. ಅದು ಶಾಸ್ತ್ರಕ್ಕೆ ವಿರುದ್ಧವೆಂದು ಗೊತ್ತಿತ್ತು, ಆದರೂ ಸುರಿಯುತ್ತಿದ್ದೆ. ಮೇ ತಿಂಗಳಲ್ಲಿ ಮಳೆ ಶುರುವಾಯಿತು. ಜೂನ್ 2ರಂದು ಒಂದೇ ದಿನ 111 ಮಿ.ಮೀ. ಸುರಿಯಿತು. ತಿಂಗಳ ನಡುವಿನ ಹೊತ್ತಿಗೆ ಮಗನೇ ಕಾಲಿನ ಚಪ್ಪಲಿ ಬಿಟ್ಟು ಅದರ ಮೇಲೆ ನಡೆದಾಡುತ್ತಿದ್ದ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ, ಮಗು. ನಿಮ್ಮಲ್ಲಿ ಮಳೆ ಬರುವುದು ಚಳಿಗಾಲದಲ್ಲಿ, ನಿನ್ನ ಗರಿಕೆ ಮಲಗಿರುವಾಗ. ಬೇಸಿಗೆಯ ಕೊನೆಗೆ ಅದನ್ನೆಬ್ಬಿಸಲು ಮುಂಗಾರು ಬರುವುದಿಲ್ಲ. ಆದ್ದರಿಂದ ನನ್ನಂತೆ ಪೂರ್ತಿ ನಿಲ್ಲಿಸಿ ಕಾಯಲು ನಿನಗೆ ಸಾಧ್ಯವಿಲ್ಲ, ಅಪರೂಪಕ್ಕೆ ಕೊಡಲೇಬೇಕು. ಆದರೆ ದಿನವೂ ಚಿಮುಕಿಸಬೇಡ. ಹುಲ್ಲಿನ ಮೇಲೆ ಹೆಜ್ಜೆಯಿಟ್ಟು ನೋಡು. ತುಳಿದದ್ದು ತಟ್ಟನೆ ಎದ್ದರೆ ನೀರು ಬೇಡ, ಹೆಜ್ಜೆಯ ಗುರುತು ಹಾಗೆಯೇ ಉಳಿದರೆ ಬೇಕು. ಕೊಟ್ಟಾಗ ನೀರು ಆರು ಅಂಗುಲ ಇಳಿಯುವಂತೆ ಕೊಡು, ಸೂರ್ಯ ಏರುವ ಮೊದಲೇ ಮುಗಿಸು. ಸಂಜೆ ಕೊಟ್ಟರೆ ರಾತ್ರಿಯೆಲ್ಲ ಎಲೆ ಒದ್ದೆಯಾಗಿದ್ದು ಬೂಷ್ಟು ಹಿಡಿಯುತ್ತದೆ. ಬೇಸಿಗೆಯಲ್ಲಿ ಕತ್ತರಿಸುವ ಯಂತ್ರವನ್ನು ಒಂದು ಹಲ್ಲು ಮೇಲಕ್ಕೇರಿಸು, ಒಂದೂವರೆ ಎರಡು ಅಂಗುಲದ ಹುಲ್ಲು ತನ್ನ ಬುಡಕ್ಕೆ ತಾನೇ ನೆರಳು. ಒಮ್ಮೆಗೆ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬಾರದು, ಕತ್ತರಿಸಿದ್ದನ್ನು ಗುಡಿಸದೆ ಅಲ್ಲೇ ಬಿಡಬೇಕು. ನೀರಿಲ್ಲದ ದಿನಗಳಲ್ಲಿ ರಾಸಾಯನಿಕ ಗೊಬ್ಬರ ಹಾಕುವುದು ಹಸಿದವನಿಗೆ ಉಪ್ಪಿನಕಾಯಿ ಬಡಿಸಿದಂತೆ.

ಅಷ್ಟನ್ನೂ ಮಾಡಿ, ಸಾಧ್ಯವಾದರೆ ಅರ್ಧ ಜಾಗವನ್ನು ಬಿಟ್ಟುಕೊಡು. 2015ರ ಏಪ್ರಿಲ್‌ನಲ್ಲಿ ನಿಮ್ಮ ರಾಜ್ಯದ ಗವರ್ನರ್ ಜೆರ್ರಿ ಬ್ರೌನ್ ನಗರಗಳ ನೀರಿನ ಬಳಕೆಯನ್ನು ಕಾಲುಭಾಗ ಇಳಿಸಲು ಆಜ್ಞೆ ಹೊರಡಿಸಿದಾಗ, ಐದು ಕೋಟಿ ಚದರ ಅಡಿ ಹುಲ್ಲುಹಾಸನ್ನು ತೆಗೆದು ಬರನಿರೋಧಕ ಗಿಡ ಹಾಕುವ ಗುರಿಯೂ ಅದರಲ್ಲಿತ್ತು. ಒಬ್ಬ ಬ್ರೌನ್ ಹಬ್ಬಿಸಿದ್ದನ್ನು ಇನ್ನೊಬ್ಬ ಬ್ರೌನ್ ಕೀಳಿಸಬೇಕಾಯಿತು. ನಿನ್ನ ಚಿತ್ರದಲ್ಲಿ ಎಡಗಡೆಯ ಪಟ್ಟಿಯಲ್ಲಿ ಯಾರೂ ಓಡಾಡುವಂತೆ ಕಾಣುವುದಿಲ್ಲ. ಅಲ್ಲಿಂದ ಆರಂಭಿಸಬಹುದು.

ಇನ್ನೊಂದು ಮಾತು. ಅಂದು ಗೇಟಿನ ಬಳಿ ಬಂದ ಆ ತಾಯಿಯ ಮಗ ನಿನ್ನ ಬೆಂಚಿನಲ್ಲೇ ಕೂರುತ್ತಿದ್ದನಲ್ಲವೇ? ಅವನೊಡನೆ ನಿನಗೆ ಸಂಪರ್ಕವಿದ್ದರೆ ಈ ಬರಹವನ್ನು ಅವನಿಗೂ ಕಳುಹಿಸು.